ಒಂದೇ ಪೇಪರಿಗೆ ಎರಡು ಅಳತೆ: ಎಪಿ ಬಯಾಲಜಿಯ ಒಂದು ಪ್ರಕರಣ

ಪೇಪರಿನ ಮೂಲೆಯಲ್ಲಿ 68 ಎಂದಿತ್ತು. ಹುಡುಗಿಯ ಅಪ್ಪ ಅದನ್ನು ನಮ್ಮ ಊಟದ ಟೇಬಲ್ ಮೇಲೆ ಹರಡಿದರು. "ಮೇಡಂ, ಒಂಬತ್ತನೇ ಕ್ಲಾಸಿನ ಬಯಾಲಜಿಯಲ್ಲಿ ಇವಳಿಗೆ 97 ಬಂದಿತ್ತು. ಈಗ ನೋಡಿ" ಎಂದರು. ಹುಡುಗಿ ಬಾಗಿಲ ಹತ್ತಿರವೇ ನಿಂತಿದ್ದಳು. ಅವಳ ಅಮ್ಮ ಏನೂ ಮಾತಾಡಲಿಲ್ಲ. ತಂದಿದ್ದ ಚಕ್ಕುಲಿ ಡಬ್ಬಿ ನನ್ನ ಕೈಗೆ ಕೊಟ್ಟು ಕೂತರು.

ಇದು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಹೋಸೆ ಪಕ್ಕದ ಒಂದು ಊರಿನಲ್ಲಿ ನಡೆದದ್ದು. ನಾನು ಶಿವಮೊಗ್ಗದಲ್ಲಿ 14 ವರ್ಷ ಪಿಯು ಮಕ್ಕಳಿಗೆ ಬಯಾಲಜಿ ಹೇಳಿಕೊಟ್ಟವಳು. ಇಲ್ಲಿಗೆ ಬಂದ ಮೇಲೆ ಕನ್ನಡ ಕೂಟದ ಪರಿಚಯದವರು ಮಕ್ಕಳ ಪೇಪರ್ ಹಿಡಿದುಕೊಂಡು ಬರುತ್ತಾರೆ. ದುಡ್ಡಿಗಲ್ಲ, ಸುಮ್ನೆ ನೋಡಿಕೊಡುತ್ತೇನೆ. ನಾನು ಇದನ್ನು ಬರೆಯುವುದಕ್ಕೆ ಈ ಮನೆಯವರು ಒಪ್ಪಿದರು, ಹೆಸರು ಮತ್ತು ಶಾಲೆ ಬೇಡ ಅಂದರು. ಗುರುತು ಹತ್ತುವಂಥ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಒಂದು ತಪ್ಪು ನನ್ನದೇ.

ಹುಡುಗಿ ಸೇರಿದ ಕೋರ್ಸು

ಎಪಿ ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಹೈಸ್ಕೂಲಿನಲ್ಲಿ ಕೂತು ಕಾಲೇಜಿನ ಮೊದಲ ವರ್ಷದ ಮಟ್ಟದ ಪಾಠ ಓದುವುದು. ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡೇ ಇದನ್ನೂ ನಡೆಸುತ್ತದೆ. ಬಯಾಲಜಿಯಲ್ಲಿ 8 ಯೂನಿಟ್. ಜೀವದ ಕೆಮಿಸ್ಟ್ರಿಯಿಂದ ಶುರುವಾಗಿ ಜೀವಕೋಶ, ಶಕ್ತಿ, ಅನುವಂಶೀಯತೆ, ಜೀನುಗಳ ಕೆಲಸ, ವಿಕಾಸ ಎಲ್ಲ ದಾಟಿ ಪರಿಸರಕ್ಕೆ ಮುಗಿಯುತ್ತದೆ. ಪಾಠದ ಸಮಯದಲ್ಲಿ ಕಾಲು ಭಾಗವಾದರೂ ಲ್ಯಾಬಿಗೆ ಸಿಗಬೇಕು ಎಂದು ಬೋರ್ಡಿನ ನಿಯಮ.

ಊರಲ್ಲಿ ಓದಿದವರಿಗೆ ಒಂದು ಸಂಗತಿ ಬೇಗ ಅರ್ಥ ಆಗುವುದಿಲ್ಲ. ಈ ಕೋರ್ಸಿಗೆ ಫಲಿತಾಂಶ ಎರಡು. ಒಂದು ಶಾಲೆಯ ಟೀಚರ್ ಕೊಡುವ ಗ್ರೇಡು. ಟೆಸ್ಟು, ಲ್ಯಾಬು, ಹೋಂವರ್ಕು ಎಲ್ಲ ಸೇರಿ ಬರುವಂಥದ್ದು. ಕಾಲೇಜಿಗೆ ಅರ್ಜಿ ಹಾಕುವಾಗ ತೋರಿಸುವುದು ಅದನ್ನು. ಇನ್ನೊಂದು ಮೇ ತಿಂಗಳಲ್ಲಿ ಬೋರ್ಡ್ ನಡೆಸುವ ಮೂರು ಗಂಟೆಯ ಪರೀಕ್ಷೆ. 90 ನಿಮಿಷದಲ್ಲಿ 60 ಬಹುಆಯ್ಕೆ ಪ್ರಶ್ನೆ, ಇನ್ನೊಂದು 90 ನಿಮಿಷದಲ್ಲಿ ಬರೆಯುವ 6 ಪ್ರಶ್ನೆ, ಎರಡಕ್ಕೂ ಅರ್ಧರ್ಧ ತೂಕ. ಕೊನೆಗೆ 1ರಿಂದ 5ರ ಒಳಗೆ ಒಂದು ಅಂಕೆ ಕೈಗೆ ಬರುತ್ತದೆ. ಅದು ಬರುವುದೂ ಜುಲೈಯಲ್ಲಿ, ಶಾಲೆ ಮುಚ್ಚಿದ ಮೇಲೆ. ನಮ್ಮಲ್ಲಿ ಥಿಯರಿ 70, ಪ್ರಾಕ್ಟಿಕಲ್ 30 ಕೂಡಿ 100 ಆಗುತ್ತದೆ ಅಲ್ವಾ? ಇಲ್ಲಿ ಎರಡೂ ಕೂಡುವುದೇ ಇಲ್ಲ. ಒಂದಕ್ಕೊಂದು ಮುಖ ನೋಡುವುದಿಲ್ಲ.

ಈ ಹುಡುಗಿಯ ಕ್ಲಾಸಿನಲ್ಲಿ ಟೆಸ್ಟಿಗೆ ಶೇ 65, ಲ್ಯಾಬಿಗೆ 25, ಹೋಂವರ್ಕಿಗೆ 10. ಒಟ್ಟು 90 ದಾಟಿದರೆ ಎ, 80 ದಾಟಿದರೆ ಬಿ, 70 ದಾಟಿದರೆ ಸಿ. ಇದೆಲ್ಲ ಆಗಸ್ಟಿನಲ್ಲಿ ಕೊಟ್ಟ ನಾಲ್ಕು ಪುಟದ ಹಾಳೆಯಲ್ಲಿತ್ತು. ಅಪ್ಪ ಅಮ್ಮ ಇಬ್ಬರೂ ಅದಕ್ಕೆ ಸಹಿ ಹಾಕಿದ್ದರು. ಓದಿದ್ದಿರಾ ಎಂದು ಕೇಳಿದೆ. ಬ್ಯಾಂಕಿನ ಫಾರಂ ಯಾರು ಓದುತ್ತಾರೆ ಮೇಡಂ ಅಂದರು ಅಪ್ಪ.

ಆಲೂಗಡ್ಡೆ ಪ್ರಶ್ನೆ

ಮೊದಲ ಟೆಸ್ಟಿನಲ್ಲಿ ಅವಳಿಗೆ ಜಾಸ್ತಿ ಪೆಟ್ಟು ಕೊಟ್ಟದ್ದು ಒಂದು ಪ್ರಶ್ನೆ. ಆಲೂಗಡ್ಡೆಯ ತುಂಡುಗಳನ್ನು ಬೇರೆ ಬೇರೆ ಸಾಂದ್ರತೆಯ ಸಕ್ಕರೆ ನೀರಿನಲ್ಲಿ ರಾತ್ರಿಯಿಡೀ ಇಟ್ಟಿದ್ದಾರೆ. ಮರುದಿನ ತೂಕ ಎಷ್ಟು ಹೆಚ್ಚಿತು, ಎಷ್ಟು ಇಳಿಯಿತು ಎಂದು ಗ್ರಾಫ್ ಕೊಟ್ಟಿದ್ದಾರೆ. ಕೇಳಿದ್ದು ನಾಲ್ಕು. ಯಾವ ಸಾಂದ್ರತೆಯಲ್ಲಿ ತೂಕ ಬದಲಾಗುವುದಿಲ್ಲ, ಗುರುತಿಸು. ಆ ದ್ರಾವಣದ ಸೊಲ್ಯೂಟ್ ಪೊಟೆನ್ಷಿಯಲ್ (ನೀರಿನ ಪೊಟೆನ್ಷಿಯಲ್, ಅಂದರೆ ನೀರು ಹರಿದುಹೋಗುವ ಒತ್ತು, ಕರಗಿದ ಸಕ್ಕರೆಯಿಂದ ಎಷ್ಟು ಇಳಿಯುತ್ತದೆ ಎಂಬ ಅಳತೆ) ಲೆಕ್ಕ ಹಾಕು, ಉಷ್ಣಾಂಶ 22 ಡಿಗ್ರಿ ಸೆಲ್ಸಿಯಸ್. ಅದೇ ಆಲೂಗಡ್ಡೆಯ ತುಂಡನ್ನು 0.6 ಮೋಲಾರ್ ದ್ರಾವಣದಲ್ಲಿ ಇಟ್ಟರೆ ತೂಕ ಏನಾಗುತ್ತದೆ, ಊಹಿಸು. ಹಾಗೆ ಯಾಕೆ ಆಗುತ್ತದೆ, ಸಮರ್ಥಿಸು. ನಾಲ್ಕಕ್ಕೂ ಒಂದೊಂದು ಮಾರ್ಕು.

ಹುಡುಗಿ ಒಂದೂವರೆ ಪುಟ ಬರೆದಿದ್ದಳು. ಆಸ್ಮಾಸಿಸ್ (ಪೊರೆಯ ಮೂಲಕ ನೀರು ದಾಟುವುದು) ಎಂದರೇನು ಎಂಬುದು ಪುಸ್ತಕದಲ್ಲಿ ಇದ್ದ ಹಾಗೆಯೇ ಇತ್ತು. ಹೈಪೋಟಾನಿಕ್, ಐಸೋಟಾನಿಕ್, ಹೈಪರ್‌ಟಾನಿಕ್ (ಜೀವಕೋಶಕ್ಕಿಂತ ತೆಳು, ಸಮ, ಗಾಢ ದ್ರಾವಣ) ಮೂರಕ್ಕೂ ಚಿತ್ರ ಬರೆದು, ಬಾಣ ಹಾಕಿ, ಭಾಗ ಗುರುತಿಸಿದ್ದಳು. ಎಷ್ಟು ಅಚ್ಚುಕಟ್ಟಾಗಿತ್ತು ಅಂದರೆ, ಆ ಪುಟವನ್ನು ನಾನು ಮಾದರಿ ಉತ್ತರ ಎಂದು ಕ್ಲಾಸಿನಲ್ಲಿ ತೋರಿಸುತ್ತಿದ್ದೆ. ಅವಳಿಗೆ ಬಂದದ್ದು ನಾಲ್ಕಕ್ಕೆ ಒಂದು. ಗ್ರಾಫ್ ನೋಡಿ 0.3 ಮೋಲಾರ್ ಎಂದು ಬರೆದದ್ದಕ್ಕೆ.

ಲೆಕ್ಕದಲ್ಲಿ ಉಷ್ಣಾಂಶವನ್ನು ಕೆಲ್ವಿನ್‌ಗೆ ಬದಲಿಸಬೇಕಿತ್ತು. 22ರ ಜಾಗದಲ್ಲಿ 295 ಬರಬೇಕು. 0.3, ಸೂತ್ರದ ಸ್ಥಿರಾಂಕ 0.0831, 295 ಗುಣಿಸಿದರೆ 7.35, ಅದರ ಮುಂದೆ ಮೈನಸ್, ಅಂದರೆ −7.35 ಬಾರ್. ಇವಳು 22 ಅನ್ನೇ ಹಾಕಿ 0.55 ಎಂದು ಬರೆದಿದ್ದಳು, ಮೈನಸ್ಸೂ ಇಲ್ಲ. ಅದು ತಪ್ಪೇ, ತಕರಾರಿಲ್ಲ. ಆದರೆ ಕೊನೆಯ ಎರಡು ಭಾಗ? 'ಹೈಪರ್‌ಟಾನಿಕ್ ದ್ರಾವಣದಲ್ಲಿ ಜೀವಕೋಶ ಕುಗ್ಗುತ್ತದೆ' ಎಂದು ಬರೆದಿದ್ದಾಳೆ. ಮಾತು ನಿಜವೇ. ಆದರೆ ಈ ಆಲೂಗಡ್ಡೆಯ ತೂಕ ಇಳಿಯುತ್ತದೆ ಎಂದು ಎಲ್ಲೂ ಹೇಳಿಲ್ಲ. 0.6 ಮೋಲಾರ್ ದ್ರಾವಣದ ನೀರಿನ ಪೊಟೆನ್ಷಿಯಲ್ ತುಂಡಿನ ಒಳಗಿನದಕ್ಕಿಂತ ಕಡಿಮೆ, ಅದಕ್ಕೇ ನೀರು ಹೊರಗೆ ಹೋಗುತ್ತದೆ ಎಂದೂ ಇಲ್ಲ. ಎರಡಕ್ಕೂ ಸೊನ್ನೆ.

ಶಿವಮೊಗ್ಗದಲ್ಲಾಗಿದ್ದರೆ ನಾನು ಮೂರು ಕೊಡುತ್ತಿದ್ದೆ. ವ್ಯಾಲ್ಯುಯೇಷನ್‌ಗೆ ಕೂತಾಗ ಮಕ್ಕಳು ಬರೆದದ್ದರಲ್ಲಿ ಎಲ್ಲಾದರೂ ಉತ್ತರ ಅಡಗಿದೆಯಾ ಎಂದು ಹುಡುಕುವುದು ನಮಗೆ ಅಭ್ಯಾಸ. ವ್ಯಾಖ್ಯೆಗೆ ಒಂದು, ಚಿತ್ರಕ್ಕೆ ಒಂದು, ಭಾಗ ಗುರುತಿಸಿದ್ದಕ್ಕೆ ಒಂದು. ಎಪಿಯ ಬರೆಯುವ ಪ್ರಶ್ನೆಯಲ್ಲಿ ಚಿತ್ರ ಕೇಳದಿದ್ದರೆ ಬರೀ ಚಿತ್ರಕ್ಕೆ ಮಾರ್ಕಿಲ್ಲ. ವಾಕ್ಯದಲ್ಲೇ ಹೇಳಬೇಕು. ಅವತ್ತು ಅದು ನನಗೆ ಗೊತ್ತಿರಲಿಲ್ಲ. ಟೀಚರ್ ಸ್ವಲ್ಪ ಬಿಗಿ, ಇನ್ನೂ ಜಾಸ್ತಿ ಓದಿಸಿದರೆ ಸರಿಹೋಗುತ್ತದೆ ಅಂದುಬಿಟ್ಟೆ.

ನನ್ನ ತಪ್ಪು

ಮುಂದಿನ ಟೆಸ್ಟು ಜೀವಕೋಶದ ಶಕ್ತಿಯ ಮೇಲೆ. ಉಸಿರಾಟ ಮತ್ತು ದ್ಯುತಿಸಂಶ್ಲೇಷಣೆ. ನನಗೆ ಹುರುಪು ಬಂತು. ಮೂರು ಭಾನುವಾರ ಕೂರಿಸಿ ಕ್ರೆಬ್ಸ್ ಸೈಕಲ್ (ಉಸಿರಾಟದಲ್ಲಿ ಜೀವಕೋಶ ಆಹಾರ ಒಡೆಯುವ ಒಂದು ಸುತ್ತು) ಪೂರ್ತಿ ಬಾಯಿಪಾಠ ಮಾಡಿಸಿದೆ. ಸಿಟ್ರೇಟ್, ಐಸೋಸಿಟ್ರೇಟ್, ಆಲ್ಫಾ ಕೀಟೋಗ್ಲುಟರೇಟ್ ಎಂದು ಶುರು ಮಾಡಿ ಆಕ್ಸಲೋಅಸಿಟೇಟ್‌ವರೆಗೆ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದಳು. ಎಂಜೈಮ್‌ಗಳ ಹೆಸರೂ ಬಂತು. ಅಮ್ಮನಿಗೆ ಸಮಾಧಾನ, ನನಗೆ ಹೆಮ್ಮೆ.

ಬಂದದ್ದು 61.

ಆ ಟೆಸ್ಟಿನಲ್ಲಿ ಒಂದು ಹೆಸರನ್ನೂ ಕೇಳಿರಲಿಲ್ಲ. ಕೇಳಿದ್ದು ಬಟಾಣಿ ಬಗ್ಗೆ. ಮೊಳಕೆ ಬಂದ ಬಟಾಣಿ, ಒಣ ಬಟಾಣಿ, ಗಾಜಿನ ಮಣಿ, ಮೂರನ್ನೂ ಬೇರೆ ಬೇರೆ ರೆಸ್ಪಿರೋಮೀಟರಿನಲ್ಲಿ (ಉಸಿರಾಟ ಅಳೆಯುವ ಮುಚ್ಚಿದ ಸಾಧನ) ಇಟ್ಟಿದ್ದಾರೆ. ಹೊರಬರುವ ಕಾರ್ಬನ್ ಡೈಆಕ್ಸೈಡನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹೀರಿಕೊಳ್ಳುತ್ತದೆ. ಹಾಗಾಗಿ ಒಳಗಿನ ಗಾಳಿ ಎಷ್ಟು ಕಡಿಮೆಯಾಯಿತೋ ಅಷ್ಟು ಆಕ್ಸಿಜನ್ ಖರ್ಚಾಯಿತು ಎಂದರ್ಥ. ಗಾಜಿನ ಮಣಿ ಯಾಕೆ ಇಟ್ಟರು? ಮಣಿ ಉಸಿರಾಡುವುದಿಲ್ಲ. ಕೋಣೆಯ ಉಷ್ಣಾಂಶ, ಒತ್ತಡ ಏರುಪೇರಾದರೂ ಗಾಳಿಯ ಗಾತ್ರ ಬದಲಾಗುತ್ತದೆ, ಆ ಬದಲಾವಣೆಯನ್ನು ಲೆಕ್ಕದಿಂದ ಕಳೆಯಲು ಮಣಿ ಬೇಕು. ಇದನ್ನು ಎರಡು ಸಾಲಿನಲ್ಲಿ ಹೇಳಿದರೆ ಮುಗಿಯಿತು. ನಮ್ಮ ಹುಡುಗಿ 'ಅದು ಕಂಟ್ರೋಲ್' ಎಂದು ಬರೆದು, ಆಮೇಲೆ ಕ್ರೆಬ್ಸ್ ಸೈಕಲ್ ಇಳಿಸಿದ್ದಳು.

ಇನ್ನೊಂದು ಪ್ರಶ್ನೆ ಡಿಎನ್‌ಪಿ ಎಂಬ ರಾಸಾಯನಿಕದ್ದು. ಅದು ಮೈಟೋಕಾಂಡ್ರಿಯದ ಒಳಪೊರೆಯ ಮೂಲಕ ಪ್ರೋಟಾನುಗಳನ್ನು ಸುಮ್ಮನೆ ಸೋರಿಸಿಬಿಡುತ್ತದೆ. (1930ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನು ತೂಕ ಇಳಿಸುವ ಮಾತ್ರೆ ಎಂದು ನುಂಗುತ್ತಿದ್ದರು. ಕೆಲವರು ಸತ್ತರು, 1938ರಲ್ಲಿ ನಿಂತಿತು.) ಡಿಎನ್‌ಪಿ ಹಾಕಿದರೆ ಆಕ್ಸಿಜನ್ ಬಳಕೆ ಏನಾಗುತ್ತದೆ, ಎಟಿಪಿ (ಜೀವಕೋಶ ಖರ್ಚು ಮಾಡುವ ಶಕ್ತಿಯ ಅಣು) ಏನಾಗುತ್ತದೆ ಎಂದು ಪ್ರಶ್ನೆ. ಎಲೆಕ್ಟ್ರಾನ್‌ಗಳ ಓಟ ನಿಲ್ಲುವುದಿಲ್ಲ, ಇನ್ನೂ ಜೋರಾಗುತ್ತದೆ. ಆಕ್ಸಿಜನ್ ಜಾಸ್ತಿ ಖರ್ಚಾಗುತ್ತದೆ. ಪ್ರೋಟಾನು ಎಟಿಪಿ ತಯಾರಿಸುವ ಎಟಿಪಿ ಸಿಂಥೇಸ್ ಮೂಲಕ ಬರದೇ ಇರುವುದರಿಂದ ಎಟಿಪಿ ಮಾತ್ರ ಇಳಿಯುತ್ತದೆ. ಶಕ್ತಿ ಬಿಸಿಯಾಗಿ ಹೋಗುತ್ತದೆ. ಹುಡುಗಿ ಎರಡೂ ನಿಲ್ಲುತ್ತವೆ ಎಂದು ಬರೆದಿದ್ದಳು. ನಾನು ಅವಳಿಗೆ ಹೆಸರು ಕಲಿಸಿದ್ದೆ, ಯಂತ್ರ ಕಲಿಸಿರಲಿಲ್ಲ.

ಅವತ್ತು ರಾತ್ರಿ ಬೋರ್ಡಿನ ಕೋರ್ಸ್ ವಿವರಣೆಯನ್ನು ಮೊದಲ ಬಾರಿಗೆ ಕೂತು ಓದಿದೆ. ಅದರಲ್ಲಿ ಸ್ಪಷ್ಟವಾಗಿ ಇದೆ: ಈ ಕ್ರಿಯೆಗಳ ಒಂದೊಂದು ಹಂತ, ಎಂಜೈಮ್‌ಗಳ ಹೆಸರು, ನಡುವೆ ಬರುವ ಅಣುಗಳ ಹೆಸರು ಪರೀಕ್ಷೆಯ ವ್ಯಾಪ್ತಿಗೆ ಬರುವುದಿಲ್ಲ. ಮೂರು ಭಾನುವಾರ! ನನಗೆ ನಗು ಬಂತು. ಮರುದಿನ ಹುಡುಗಿಗೆ ಹೇಳಿದಾಗ ಅವಳು ನಗಲಿಲ್ಲ.

'ವಿವರಿಸಿ' ಎಂಬ ಒಂದೇ ಪದ

ಹಳೆಯ ವರ್ಷಗಳ ಪ್ರಶ್ನೆಗಳು, ಅವುಗಳಿಗೆ ಮಾರ್ಕ್ಸ್ ಕೊಡುವ ಕ್ರಮ ಎಲ್ಲವನ್ನೂ ಬೋರ್ಡ್ ಬಿಟ್ಟಿ ಹಾಕಿದೆ. ಅದನ್ನು ಹಿಡಿದು ಹುಡುಗಿಯ ಎರಡೂ ಪೇಪರನ್ನು ನಾನೇ ಮತ್ತೆ ತಿದ್ದಿದೆ. ಟೀಚರ್ ಕೊಟ್ಟದ್ದಕ್ಕಿಂತ ಎರಡು ಮಾರ್ಕು ಕಡಿಮೆ ಬಂತು. ಅಂದರೆ ಆತ ಬಿಗಿ ಅಲ್ಲವೇ ಅಲ್ಲ.

ತಿದ್ದುವಾಗ ಒಂದು ವಿಷಯ ಹೊಳೆಯಿತು. ಎಪಿಯಲ್ಲಿ ಪ್ರಶ್ನೆಯ ಕ್ರಿಯಾಪದವೇ ಎಲ್ಲ. 'ಐಡೆಂಟಿಫೈ' ಅಂದರೆ ಹೆಸರಿಸಿದರೆ ಸಾಕು. 'ಡಿಸ್ಕ್ರೈಬ್' ಅಂದರೆ ಏನು ಕಾಣುತ್ತಿದೆ, ಹೇಗಿದೆ ಎಂದು ಹೇಳು. 'ಎಕ್ಸ್‌ಪ್ಲೇನ್' ಅಂದರೆ ಯಾಕೆ, ಹೇಗೆ ಆಗುತ್ತದೆ ಎಂಬ ಕಾರಣ ಕೊಡು. 'ಜಸ್ಟಿಫೈ' ಅಂದರೆ ನೀನು ಹೇಳಿದ್ದಕ್ಕೆ ಇಲ್ಲಿರುವ ಸಾಕ್ಷಿ ತೋರಿಸು. ಡಿಸ್ಕ್ರೈಬ್, ಎಕ್ಸ್‌ಪ್ಲೇನ್ ಎರಡಕ್ಕೂ ಕನ್ನಡದಲ್ಲಿ ನಾವು 'ವಿವರಿಸಿ' ಅಂದುಬಿಡುತ್ತೇವೆ. 'ವಿವರಿಸಿ' ಅಂದರೆ ನಮ್ಮ ಮಕ್ಕಳಿಗೆ ಗೊತ್ತಿರುವುದನ್ನೆಲ್ಲ ಸುರಿ ಎಂದೇ ಅರ್ಥ. ನಮಗೂ ಹಾಗೇ ಇತ್ತು. ಇಲ್ಲೇ ಹುಟ್ಟಿದ ಹುಡುಗಿಗೆ ಅದು ಎಲ್ಲಿಂದ ಬಂತು ಅಂತೀರಾ? ಪರೀಕ್ಷೆಯ ಹಿಂದಿನ ರಾತ್ರಿ ಪಕ್ಕದಲ್ಲಿ ಕೂತು ಓದಿಸುತ್ತಿದ್ದದ್ದು ದಾವಣಗೆರೆಯಲ್ಲಿ ಪಿಯುಸಿ ಓದಿದ ಅಪ್ಪ.

ಅಮ್ಮ ಅವತ್ತು ಮೊದಲ ಬಾರಿ ಬಾಯಿಬಿಟ್ಟರು. "ಇವಳಿಗೆ ಗೊತ್ತಿರೋದು ಕಮ್ಮಿ ಆಗಿದೆಯಾ, ಇಲ್ಲ ಅವರು ಕೇಳೋದೇ ಬೇರೆ ಆಗಿದೆಯಾ?" ಎಂದರು. ಎರಡು ತಿಂಗಳಿಂದ ನಾವು ಯಾರೂ ಕೇಳದ ಪ್ರಶ್ನೆ ಅದು.

ಟೀಚರ್ ಜೊತೆ ಇಪ್ಪತ್ತು ನಿಮಿಷ

ಅಪ್ಪ ಟೀಚರಿಗೆ ಒಂದು ಉದ್ದದ ಇಮೇಲ್ ಬರೆದಿದ್ದರು. ಕಳಿಸುವ ಮೊದಲು ನನಗೆ ತೋರಿಸಿದರು, ಪುಣ್ಯ. 'ನನ್ನ ಮಗಳಿಗೆ ಅನ್ಯಾಯ' ಎಂಬ ಮಾತು ಮೂರು ಕಡೆ ಇತ್ತು. ಅದನ್ನು ಬಿಟ್ಟು, ಬಂದು ಮಾತಾಡಬಹುದಾ ಎಂದು ಎರಡು ಸಾಲು ಬರೆಸಿದೆ. ನವೆಂಬರಿನಲ್ಲಿ ಇಪ್ಪತ್ತು ನಿಮಿಷ ಸಿಕ್ಕಿತು. ಹುಡುಗಿಯೂ ಬಂದಳು. ಇಲ್ಲಿ ಮಕ್ಕಳನ್ನು ಬಿಟ್ಟು ಮಾತಾಡುವುದಿಲ್ಲ.

ಟೀಚರ್ ಒಳ್ಳೆಯ ಮನುಷ್ಯ. ಆಲೂಗಡ್ಡೆ ಪ್ರಶ್ನೆಯ ಪೇಪರ್ ತೆಗೆದು, ಹುಡುಗಿಗೇ ಕೊಟ್ಟು, "ಇದರಲ್ಲಿ ಆಲೂಗಡ್ಡೆ ಎಂಬ ಪದ ಎಷ್ಟು ಸಲ ಇದೆ, ಎಣಿಸು" ಎಂದರು. ಅವಳು ಎಣಿಸಿದಳು. ಒಂದೂವರೆ ಪುಟದಲ್ಲಿ ಒಂದು ಸಲವೂ ಇರಲಿಲ್ಲ. ಅಪ್ಪ ಸುಮ್ಮನಾದರು.

ನನ್ನ ತಕರಾರು ಬೇರೆ ಇತ್ತು. ಆತ ಟೆಸ್ಟಿನಲ್ಲಿ ಕೊಡುವುದು ಬೋರ್ಡಿನ ಮಟ್ಟದ ಪ್ರಶ್ನೆ, ತಿದ್ದುವುದೂ ಬೋರ್ಡಿನ ಕ್ರಮದಲ್ಲಿ. ಸರಿ. ಆದರೆ ಬೋರ್ಡಿನ ಪರೀಕ್ಷೆಯಲ್ಲಿ 5 ಪಡೆಯಲು ನೂರಕ್ಕೆ ತೊಂಬತ್ತು ಬೇಕಾಗಿಲ್ಲ, ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಪ್ರಶ್ನೆ ಕಷ್ಟ ಎಂದು ಗೊತ್ತಿದ್ದೇ ಬೋರ್ಡ್ ಆ ಗಡಿ ಹಾಕುತ್ತದೆ. ಶಾಲೆ ಮಾತ್ರ ಅದೇ ಕಷ್ಟದ ಪ್ರಶ್ನೆಗೆ 90ಕ್ಕೆ ಎ ಎಂಬ ಮಾಮೂಲಿ ಗಡಿ ಇಟ್ಟಿದೆ. ಸೇರಿನಲ್ಲಿ ಅಳೆದು ಪಾವು ಎಂದು ಬರೆದ ಹಾಗೆ. ಅಳೆದದ್ದು ನಾಲ್ಕು ಸೇರು, ಚೀಟಿಯಲ್ಲಿ ನಾಲ್ಕು ಪಾವು. ಇಡೀ ಕ್ಲಾಸಿನ ಸರಾಸರಿ 66 ಇತ್ತಂತೆ. ಅರ್ಧ ಕ್ಲಾಸಿಗೆ ಬಯಾಲಜಿ ಬರುವುದಿಲ್ಲ ಎಂದೇ ಅರ್ಥವಾ?

ಆತ ತಲೆಯಾಡಿಸಿದರು. ಮೊದಲು ಕರ್ವ್ ಕೊಡುತ್ತಿದ್ದೆ ಎಂದರು. ಇಲ್ಲಿ ಕೆಲವು ಟೀಚರುಗಳು ಒಂದು ಲೆಕ್ಕ ಮಾಡುತ್ತಾರೆ: ಬಂದ ಮಾರ್ಕ್ಸಿನ ವರ್ಗಮೂಲ ತೆಗೆದು ಹತ್ತರಿಂದ ಗುಣಿಸುವುದು. 64 ಬಂದರೆ 80 ಆಗುತ್ತದೆ. 49 ಬಂದರೂ 70. ಅದನ್ನು ಯಾಕೆ ನಿಲ್ಲಿಸಿದಿರಿ ಎಂದೆ. "ಮಕ್ಕಳು ತಪ್ಪು ನೋಡುವುದನ್ನೇ ಬಿಟ್ಟರು. 80 ಬಂತಲ್ಲ, ಪೇಪರ್ ಚೀಲಕ್ಕೆ ಹೋಯಿತು" ಎಂದರು. ಈ ಮಾತು ನನಗೆ ಒಪ್ಪಿಗೆಯಾಯಿತು. ನಾನೂ ಮೇಷ್ಟ್ರ ಜಾತಿಯವಳೇ. ಸಕ್ಕರೆ ಸವರಿ ಕೊಟ್ಟ ಮಾರ್ಕ್ಸಿನಿಂದ ಮಗುವಿಗೆ ಏನೂ ತಿಳಿಯುವುದಿಲ್ಲ. ಆದರೆ ಸುಳ್ಳು ಗಡಿ ಹಾಕಿದರೂ ತಿಳಿಯುವುದಿಲ್ಲ, ಆ ಮಾತನ್ನು ಅಲ್ಲೇ ಹೇಳಿದೆ.

ಅಪ್ಪನ ಬೇಡಿಕೆ ಎಕ್ಸ್‌ಟ್ರಾ ಕ್ರೆಡಿಟ್. ಒಂದು ಪೋಸ್ಟರ್ ಮಾಡಿಸಿ, ಹತ್ತು ಮಾರ್ಕ್ಸ್ ಕೊಡಿ ಎಂಬ ಧಾಟಿ. ಅದಕ್ಕೆ ಖಡಾಖಂಡಿತ ಇಲ್ಲ ಎಂದರು. ಗಡಿಯನ್ನು ವರ್ಷದ ನಡುವೆ ಬದಲಿಸುವುದೂ ಆಗಲಿಲ್ಲ, ಆಗಸ್ಟಿನ ಹಾಳೆಯಲ್ಲಿ ಬರೆದಾಗಿದೆ, ಎಲ್ಲರ ಸಹಿ ಇದೆ. ಒಪ್ಪಿದ್ದು ಎರಡಕ್ಕೆ. ಮುಂದಿನ ಟೆಸ್ಟುಗಳಿಂದ, ಕಳೆದುಕೊಂಡ ಪ್ರತಿ ಮಾರ್ಕಿಗೂ 'ನನ್ನ ಉತ್ತರಕ್ಕೆ ಯಾಕೆ ಸಿಗಲಿಲ್ಲ' ಎಂದು ಬರೆದುಕೊಟ್ಟರೆ ಅರ್ಧ ವಾಪಸ್ಸು. ಇಡೀ ಕ್ಲಾಸಿಗೆ, ಇವಳೊಬ್ಬಳಿಗಲ್ಲ. ಮತ್ತೆ ಪ್ರತಿ ಟೆಸ್ಟಿನ ಮೊದಲು, ತಿದ್ದಿ ಮಾರ್ಕ್ಸ್ ಹಾಕಿದ ಒಂದು ಮಾದರಿ ಉತ್ತರ ಕೊಡುವುದು. ಈ ಎರಡನೆಯದನ್ನು ಆಗಸ್ಟಿನಲ್ಲೇ ಕೊಟ್ಟಿದ್ದರೆ ನನ್ನ ಮೂರು ಭಾನುವಾರ ಉಳಿಯುತ್ತಿದ್ದವು. ಶಾಲೆಯ ತಪ್ಪು ಇಷ್ಟೇ ಅಂತ ನನ್ನ ಲೆಕ್ಕ. ಏನನ್ನು ನಿರೀಕ್ಷಿಸುತ್ತೇವೆ ಎಂದು ನಾಲ್ಕು ಪುಟ ಬರೆದರು, ಅದು ಹೇಗಿರುತ್ತದೆ ಎಂದು ಒಂದು ಪುಟ ತೋರಿಸಲಿಲ್ಲ.

ಕಾರಿನಲ್ಲಿ ಅಪ್ಪ ತಮ್ಮ ನಿಜವಾದ ಭಯ ಹೇಳಿದರು. ಬಿ ಬಂದರೆ ಬರ್ಕ್ಲಿ ಸಿಗಲ್ಲ. ಅದಕ್ಕೆ ಲೆಕ್ಕ ಕೂತು ನೋಡಿದೆವು. ಬರ್ಕ್ಲಿಯೂ ಸೇರಿದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಜಿಪಿಎ (ಗ್ರೇಡುಗಳ ಸರಾಸರಿ) ಹಾಕುವಾಗ ಪ್ಲಸ್ಸು ಮೈನಸ್ಸು ನೋಡುವುದಿಲ್ಲ. ಎಪಿ ಕೋರ್ಸಿಗೆ ಒಂದು ಪಾಯಿಂಟ್ ಸೇರಿಸುತ್ತದೆ, ಹಾಗಾಗಿ ಎಪಿಯ ಬಿ ಮಾಮೂಲಿ ಕ್ಲಾಸಿನ ಎಗೆ ಸಮ. ಆ ಹೆಚ್ಚುವರಿಗೂ 8 ಸೆಮಿಸ್ಟರಿನ ಮಿತಿ ಇದೆ. ಎಸ್‌ಎಟಿಯನ್ನಂತೂ ಅವರು ಈಗ ನೋಡುವುದೇ ಇಲ್ಲ. ಹಾಗಾಗಿ ಗ್ರೇಡಿನ ತೂಕ ಜಾಸ್ತಿ, ಅದು ನಿಜ. ಒಂದು ಬಿಯಿಂದ ಆಕಾಶ ಕಳಚಿ ಬೀಳುವುದಿಲ್ಲ, ಅದೂ ನಿಜ. ಅಪ್ಪ ಅರ್ಧ ನಂಬಿದರು.

ಲ್ಯಾಬಿನ ಒಂದು ಮಾರ್ಕು

ಲ್ಯಾಬಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಘಟನೆ ಸಾಕು. ಮುಸುಕಿನ ಜೋಳದ ತೆನೆಯಲ್ಲಿ ನೇರಳೆ, ಹಳದಿ, ನಯ, ಸುಕ್ಕು ಕಾಳುಗಳನ್ನು ಎಣಿಸಿ 9:3:3:1 ಹೊಂದುತ್ತದೆಯಾ ಎಂದು ಕೈ-ಸ್ಕ್ವೇರ್ (ಎಣಿಕೆ ನಿರೀಕ್ಷೆಯಿಂದ ಎಷ್ಟು ದೂರ ಎಂದು ನೋಡುವ ಲೆಕ್ಕ) ಮಾಡಬೇಕಿತ್ತು. ಇವಳಿಗೆ 4.1 ಬಂತು. ಮಿತಿ 7.81, ಅದನ್ನು ದಾಟಿದರೆ ಹೈಪಾಥಿಸಿಸ್ ತಳ್ಳಿಹಾಕಬೇಕು. 'ಆದ್ದರಿಂದ ಹೈಪಾಥಿಸಿಸ್ ಸಾಬೀತಾಯಿತು' ಎಂದು ಬರೆದಳು. ಒಂದು ಮಾರ್ಕು ಹೋಯಿತು. ತಳ್ಳಿಹಾಕಲು ಕಾರಣ ಸಿಗಲಿಲ್ಲ ಎನ್ನಬೇಕೇ ಹೊರತು ಸಾಬೀತಾಯಿತು ಎನ್ನುವಂತಿಲ್ಲ. ಅಪ್ಪನಿಗೆ ಇದು ಕೂದಲು ಸೀಳಿದ ಹಾಗೆ ಕಂಡಿತು. ನನಗೆ ಆ ಮಾರ್ಕು ಹೋದದ್ದು ಸರಿ ಅನ್ನಿಸಿತು. ನಮ್ಮ ಮಕ್ಕಳ ಪ್ರಾಕ್ಟಿಕಲ್ ರೆಕಾರ್ಡುಗಳಲ್ಲಿ ಪ್ರತಿ ಪ್ರಯೋಗವೂ ಸಾಬೀತಾಗುತ್ತದೆ. ಹಿಂದಿನ ವರ್ಷದವರ ರೆಕಾರ್ಡ್ ನೋಡಿ ಬರೆದರೆ ಸಾಬೀತಾಗದೆ ಏನು ಮಾಡೀತು?

ಆಮೇಲೆ

ಭಾನುವಾರದ ಪಾಠ ಬದಲಾಯಿತು. ಬಾಯಿಪಾಠ ಬಿಟ್ಟೆವು. ಹಳೆಯ ಪ್ರಶ್ನೆ ಒಂದನ್ನು ತೆಗೆದು, ಕ್ರಿಯಾಪದಕ್ಕೆ ಸುತ್ತು ಹಾಕಿ, ಒಂದೊಂದು ಭಾಗಕ್ಕೆ ಎರಡೇ ವಾಕ್ಯ. ಮೂರನೆಯದು ಬರೆದರೆ ನಾನು ಓದುವುದಿಲ್ಲ. ಮೊದಲ ವಾರ ಅವಳಿಗೆ ಅಳುವೇ ಬಂತು. "ಆಂಟಿ, ಗೊತ್ತಿರೋದನ್ನ ಬರೀಬಾರದಾ?" ಎಂದು ಕೇಳಿದಳು. "ಕೇಳಿದ್ದನ್ನ ಬರಿ ಕಣೇ" ಎಂದೆ. ಉತ್ತರದಲ್ಲಿ ಆಲೂಗಡ್ಡೆ ಇದೆಯಾ ಎಂಬುದು ನಮ್ಮಿಬ್ಬರ ಗುಟ್ಟಿನ ಮಾತಾಯಿತು. ಪ್ರಶ್ನೆ ತೋಳಗಳ ಬಗ್ಗೆ ಇದ್ದರೂ ಆಲೂಗಡ್ಡೆ ಎಲ್ಲಿ ಎಂದೇ ಕೇಳುತ್ತಿದ್ದೆ.

ಮೂರನೇ ಟೆಸ್ಟಿನಲ್ಲಿ 74, ನಾಲ್ಕನೆಯದರಲ್ಲಿ 79. ತಪ್ಪು ತಿದ್ದಿ ಬರೆದುಕೊಟ್ಟ ಮೇಲೆ 87 ಮತ್ತು 89.5. ಹಳೆಯ 68, 61 ಹಾಗೇ ಉಳಿದವು. ಡಿಸೆಂಬರಿನಲ್ಲಿ ಒಟ್ಟು 80.6, ಬಿ. ಎರಡನೇ ಸೆಮಿಸ್ಟರಿನಲ್ಲಿ 87, ಅದೂ ಬಿ. ಎ ಮೂರು ಹೆಜ್ಜೆ ದೂರ ಉಳಿಯಿತು. ಕೊನೆಯ ಟೆಸ್ಟಿನ ದಿನ ಜ್ವರ ಇತ್ತು ಎಂದು ಅಪ್ಪ ಇವತ್ತಿಗೂ ಹೇಳುತ್ತಾರೆ. ಮೇಯಲ್ಲಿ ಬೋರ್ಡ್ ಪರೀಕ್ಷೆ ಬರೆದಳು. ಬಹುಆಯ್ಕೆ ಪೂರ್ತಿ ಕಂಪ್ಯೂಟರಿನಲ್ಲಿ, ಬರೆಯುವ ಭಾಗಕ್ಕೆ ಮಾತ್ರ ಕಾಗದ. ಹೊರಗೆ ಬಂದು ಫೋನ್ ಮಾಡಿ, "ಆಂಟಿ, ಎರಡು ಕಡೆ ಮೂರನೇ ವಾಕ್ಯ ಬರೆದುಬಿಟ್ಟೆ" ಎಂದಳು.

ಜುಲೈಯಲ್ಲಿ ಫಲಿತಾಂಶ ಬಂದಾಗ ಅವರೆಲ್ಲ ದಾವಣಗೆರೆಯಲ್ಲಿ ಅಜ್ಜಿ ಮನೆಯಲ್ಲಿದ್ದರು. ನನಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. 5 ಬಂದಿತ್ತು. ಅಪ್ಪ ಏನೋ ಹೇಳಲು ಹೋದರು, ಗಂಟಲು ಕಟ್ಟಿತು. ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು.

"ಐದಕ್ಕೆ ಐದೂ ಬಂತಾ? ಮತ್ತೆ ಆ ಮೇಷ್ಟ್ರು ಬಿ ಯಾಕ್ ಕೊಟ್ಟ?"